ಹಿಂಡಿಯ ಚೀಲದಲ್ಲಿ ಬಂದ ಕುಲಾಂತರಿ

ಹತ್ತಿ ಎಂದೊಡನೆ ಎಲ್ಲರಿಗೂ ನೆನಪಾಗುವುದು ಬಟ್ಟೆ. ಆದರೆ ಹೊಲದಲ್ಲಿ ಬಿಡಿಸಿ ತಂದ ಹತ್ತಿಯನ್ನು ಜಿನ್ನಿಗೆ ಹಾಕಿದಾಗ ನೂಲಿಗೆ ಒದಗುವ ಅರಳೆ ಸಿಗುವುದು ಒಟ್ಟು ತೂಕದ ಮೂರನೆಯ ಒಂದು ಭಾಗದಷ್ಟು ಮಾತ್ರ. ಉಳಿದದ್ದು ಬಹುಪಾಲು ಬೀಜ. ಆ ಬೀಜ ಎಣ್ಣೆ ಗಿರಣಿಗೆ ಹೋಗುತ್ತದೆ. ಎಣ್ಣೆ ಮನುಷ್ಯರ ಅಡುಗೆಗೆ, ಹಿಂಡಿ ದನಗಳ ಕೊಟ್ಟಿಗೆಗೆ. ತೂಕದ ಲೆಕ್ಕ ಹಿಡಿದರೆ ಹತ್ತಿ ಉಡುವ ಬೆಳೆಗಿಂತ ಹೆಚ್ಚಾಗಿ ತಿನ್ನುವ ಬೆಳೆ.

ಸರ್ಕಾರದ ಕಡತಗಳಲ್ಲಿ ಮಾತ್ರ ಅದು ನಾರಿನ ಬೆಳೆ. ಈ ಒಂದು ಶಬ್ದದ ಮರೆಯಲ್ಲಿ ಎರಡು ದಶಕಗಳಿಂದ ಒಂದು ವಿಚಿತ್ರ ಸಂಗತಿ ನಡೆದುಕೊಂಡು ಬಂದಿದೆ. ಕುಲಾಂತರಿ ಬೆಳೆ, ಅಂದರೆ ಬೇರೊಂದು ಜೀವಿಯ ವಂಶವಾಹಿಯನ್ನು ಪ್ರಯೋಗಾಲಯದಲ್ಲಿ ಸೇರಿಸಿ ರೂಪಿಸಿದ ತಳಿ, ಭಾರತದ ಊಟದ ತಟ್ಟೆಗೆ ಬರಬಾರದೆಂದು ವಾದ ವಿವಾದ, ಮೆರವಣಿಗೆ, ಮೊಕದ್ದಮೆಗಳು ನಡೆದಿವೆ. ಅದೇ ಹೊತ್ತಿನಲ್ಲಿ ಅಂಥದೇ ಬೆಳೆಯ ಬೀಜವನ್ನು ದೇಶದ ದನಗಳು ದಿನವೂ ತಿನ್ನುತ್ತಿವೆ. ಕುಲಾಂತರಿ ಬೆಳೆಗಳ ಚರಿತ್ರೆಯನ್ನು ತಟ್ಟೆಯ ಕಡೆಯಿಂದ ನೋಡದೆ ಗೋದಲಿಯ ಕಡೆಯಿಂದ ನೋಡಿದರೆ ಕತೆ ಬೇರೆಯಾಗಿಯೇ ಕಾಣುತ್ತದೆ.

ಹಳೆಯ ನಂಟು, ಹಳೆಯ ವಿಷ

ಹತ್ತಿಕಾಳಿಗೂ ಹೈನಿಗೂ ಇರುವ ನಂಟು ಹಳೆಯದು. ಧಾರವಾಡ, ಗದಗ, ರಾಯಚೂರು ಕಡೆಯ ಎರೆಭೂಮಿಯಲ್ಲಿ ಹತ್ತಿ ಬೆಳೆದವರ ಮನೆಯಲ್ಲಿ ಕರೆಯುವ ಎಮ್ಮೆಗೆ ಹತ್ತಿಕಾಳು ನೆನೆಸಿ ಇಡುವುದು ರೂಢಿ. ಕಾಳಿನಲ್ಲಿ ಪ್ರೋಟೀನು ಮತ್ತು ಕೊಬ್ಬು ಎರಡೂ ಚೆನ್ನಾಗಿವೆ. ಹಾಲು ಗಟ್ಟಿಯಾಗುತ್ತದೆ, ಬೆಣ್ಣೆ ಹೆಚ್ಚು ಬರುತ್ತದೆ ಎಂಬುದು ರೈತರ ಅನುಭವ.

ಈ ಕಾಳಿನಲ್ಲಿ ಸಹಜವಾಗಿಯೇ ಒಂದು ವಿಷವೂ ಇದೆ. ಅದರ ಹೆಸರು ಗಾಸಿಪಾಲ್. ಕೀಟಗಳಿಂದ ತನ್ನನ್ನು ಕಾಪಾಡಿಕೊಳ್ಳಲು ಹತ್ತಿಗಿಡವೇ ತಯಾರಿಸುವ ವಸ್ತು ಇದು. ಕೋಳಿ, ಹಂದಿ, ಎಳೆಗರುಗಳಿಗೆ ಇದು ಅಪಾಯಕಾರಿ. ಮೆಲುಕು ಹಾಕುವ ಬೆಳೆದ ದನಗಳ ಮೊದಲ ಹೊಟ್ಟೆಯಲ್ಲಿ ಇದು ಪ್ರೋಟೀನಿನೊಂದಿಗೆ ಬೆಸೆದುಕೊಂಡು ಬಹುಮಟ್ಟಿಗೆ ನಿಷ್ಕ್ರಿಯವಾಗುತ್ತದೆ. ಆದ್ದರಿಂದ ಮಿತವಾಗಿ ಕೊಟ್ಟರೆ ಎಮ್ಮೆಗೆ ತೊಂದರೆಯಿಲ್ಲ. ಯಾವ ಪ್ರಾಣಿಗೆ, ಯಾವ ವಯಸ್ಸಿನಲ್ಲಿ, ಎಷ್ಟು ಎಂಬ ತಿಳಿವಳಿಕೆ ಇದ್ದರೆ ವಿಷವಿರುವ ಕಾಳೂ ಒಳ್ಳೆಯ ಮೇವಾಗುತ್ತದೆ. ಮುಂದೆ ನಡೆದ ವಿವಾದದ ತಿರುಳೂ ಇದೇ. ತಿನ್ನಿಸುವವನಿಗೆ ತಾನು ಏನು ತಿನ್ನಿಸುತ್ತಿದ್ದೇನೆಂದು ಗೊತ್ತಿರಬೇಕೆ, ಬೇಡವೆ?

ರೇಷ್ಮೆ ಹುಳುವಿನಿಂದ ಹತ್ತಿಗಿಡಕ್ಕೆ

ಹತ್ತಿಗೆ ಸೇರಿಸಿದ ಹೊಸ ವಂಶವಾಹಿಯ ಮೂಲ ಮಣ್ಣಿನಲ್ಲಿರುವ ಒಂದು ಬ್ಯಾಕ್ಟೀರಿಯಾ. 1901ರಲ್ಲಿ ಜಪಾನಿನ ಇಶಿವಾತಾ ಶಿಗೆತಾನೆ ಎಂಬ ವಿಜ್ಞಾನಿ ರೇಷ್ಮೆ ಹುಳುಗಳು ಸಾಯುವ ರೋಗವೊಂದಕ್ಕೆ ಕಾರಣ ಹುಡುಕುತ್ತ ಇದನ್ನು ಕಂಡುಹಿಡಿದರು. ಹತ್ತು ವರ್ಷಗಳ ನಂತರ ಜರ್ಮನಿಯಲ್ಲಿ ಅರ್ನ್ಸ್ಟ್ ಬರ್ಲಿನರ್ ಹಿಟ್ಟಿನ ಪತಂಗದ ಹುಳುವಿನಲ್ಲಿ ಅದನ್ನೇ ಕಂಡರು. ತುರಿಂಜಿಯಾ ಪ್ರಾಂತದ ನೆನಪಿಗೆ ಅದಕ್ಕೆ ಬ್ಯಾಸಿಲಸ್ ತುರಿಂಜಿಯೆನ್ಸಿಸ್ ಎಂದು ಹೆಸರಿಟ್ಟರು. ಚಿಕ್ಕದಾಗಿ ಬಿ.ಟಿ.

ಈ ಬ್ಯಾಕ್ಟೀರಿಯಾ ತಯಾರಿಸುವ ಪ್ರೋಟೀನು ಕೆಲವು ಜಾತಿಯ ಹುಳುಗಳ ಕ್ಷಾರಗುಣದ ಕರುಳಿನಲ್ಲಿ ಕರಗಿ, ಕರುಳಿನ ಗೋಡೆಗೆ ಅಂಟಿಕೊಂಡು ತೂತು ಕೊರೆಯುತ್ತದೆ. ಹುಳು ಮೇವು ಬಿಟ್ಟು ಸಾಯುತ್ತದೆ. ಸಸ್ತನಿಗಳ ಕರುಳಿನಲ್ಲಿ ಅದು ಅಂಟಿಕೊಳ್ಳಲು ಬೇಕಾದ ನೆಲೆಯಿಲ್ಲ, ಜಠರದ ಆಮ್ಲ ಅದನ್ನು ಒಡೆಯುತ್ತದೆ. ಈ ಕಾರಣಕ್ಕೆ ಬಿ.ಟಿ. ಪುಡಿಯನ್ನು ರೈತರು ಬೆಳೆಗಳ ಮೇಲೆ ಸಿಂಪಡಿಸುತ್ತ ಬಂದಿದ್ದರು. ಅಮೆರಿಕದ ಮಾನ್ಸಾಂಟೊ ಕಂಪನಿ ಮಾಡಿದ್ದು ಮುಂದಿನ ಹೆಜ್ಜೆ. ಈ ಪ್ರೋಟೀನು ತಯಾರಿಸುವ ವಂಶವಾಹಿಯನ್ನೇ ಹತ್ತಿಗಿಡದೊಳಗೆ ಸೇರಿಸಿತು. ಹೊರಗಿನಿಂದ ಸಿಂಪಡಿಸಿದ ಪುಡಿ ಮಳೆಗೆ ತೊಳೆದುಹೋಗುತ್ತದೆ. ಒಳಗೆ ಸೇರಿಸಿದ ವಂಶವಾಹಿ ಎಲೆ, ಕಾಯಿ, ಬೀಜ ಎಲ್ಲದರಲ್ಲೂ ಇರುತ್ತದೆ. ಬೀಜದಲ್ಲಿದ್ದದ್ದು ಹಿಂಡಿಯ ಕಡೆಗೂ ಸಾಗುತ್ತದೆ.

ಎರಡು ಸುದ್ದಿಗಳ ವರ್ಷ

ದನದ ಮೇವಿನ ಮೂಲಕ ಕುಲಾಂತರಿ ಒಳಬರುವ ದಾರಿ ಮೊದಲು ತೆರೆದುಕೊಂಡದ್ದು ಭಾರತದಲ್ಲಲ್ಲ, ಯುರೋಪಿನಲ್ಲಿ. ಅದಕ್ಕೆ 1996ರ ಎರಡು ಸುದ್ದಿಗಳನ್ನು ಜೊತೆಯಲ್ಲಿಟ್ಟು ನೋಡಬೇಕು.

ಮಾರ್ಚ್ 20ರಂದು ಬ್ರಿಟಿಷ್ ಸರ್ಕಾರ ಸಂಸತ್ತಿನಲ್ಲಿ ಒಂದು ಕಹಿ ಸತ್ಯ ಒಪ್ಪಿಕೊಂಡಿತು. ಹತ್ತು ವರ್ಷಗಳಿಂದ ಅಲ್ಲಿನ ದನಗಳನ್ನು ಕೊಲ್ಲುತ್ತಿದ್ದ ಹುಚ್ಚು ಹಸು ರೋಗಕ್ಕೂ ಮನುಷ್ಯರಲ್ಲಿ ಕಾಣಿಸಿಕೊಂಡ ಮೆದುಳಿನ ಹೊಸ ಕಾಯಿಲೆಗೂ ಸಂಬಂಧವಿರುವ ಸಾಧ್ಯತೆ ಹೆಚ್ಚು ಎಂದಿತು. ರೋಗ ಹರಡಿದ್ದು ಮೇವಿನಿಂದ. ಸತ್ತ ಪ್ರಾಣಿಗಳ ಮಾಂಸ, ಮೂಳೆಯ ಪುಡಿಯನ್ನು ಹುಲ್ಲು ತಿನ್ನುವ ದನಕ್ಕೆ ತಿನ್ನಿಸಿದ್ದೇ ಮೂಲ. ಗೋದಲಿಗೆ ಸುರಿದದ್ದು ತಟ್ಟೆಗೆ ಬರುತ್ತದೆ ಎಂಬ ಪಾಠವನ್ನು ಯುರೋಪು ಬಹಳ ದುಬಾರಿ ಬೆಲೆ ಕೊಟ್ಟು ಕಲಿಯಿತು.

ಅದೇ ವರ್ಷ ಅಮೆರಿಕದ ರೈತರು ಕಳೆನಾಶಕವನ್ನು ತಾಳಿಕೊಳ್ಳುವ ಕುಲಾಂತರಿ ಸೋಯಾವನ್ನು ಮೊದಲ ಬಾರಿಗೆ ದೊಡ್ಡ ಪ್ರಮಾಣದಲ್ಲಿ ಬಿತ್ತಿದರು. ವರ್ಷದ ಕೊನೆಯಲ್ಲಿ ಆ ಸೋಯಾ ಹೊತ್ತ ಹಡಗುಗಳು ಯುರೋಪಿನ ಬಂದರುಗಳಿಗೆ ಬಂದಾಗ ಪ್ರತಿಭಟನೆಗಳು ಎದ್ದವು. ಆದರೆ ಪೇಚು ಬೇರೆಯೇ ಇತ್ತು. 2001ರ ಆರಂಭದಿಂದ ಯುರೋಪು ಸಾಕುಪ್ರಾಣಿಗಳ ಮೇವಿನಲ್ಲಿ ಮಾಂಸ, ಮೂಳೆಯ ಪುಡಿಯನ್ನು ನಿಷೇಧಿಸಿತು. ಆ ಪ್ರೋಟೀನಿನ ಜಾಗ ತುಂಬಲು ಸಿಕ್ಕಿದ ದೊಡ್ಡ ಆಸರೆ ಸೋಯಾ ಹಿಂಡಿ. ಅದು ಬರಬೇಕಾದದ್ದು ಅಮೆರಿಕ, ಅರ್ಜೆಂಟೀನಾ, ಬ್ರೆಜಿಲ್‌ಗಳಿಂದ. ಹೀಗೆ ಒಂದು ಮೇವಿನ ಭಯ ಇನ್ನೊಂದು ಮೇವಿನ ಅವಲಂಬನೆಯನ್ನು ಹೆಚ್ಚಿಸಿತು.

ಯುರೋಪು ಕಂಡುಕೊಂಡ ರಾಜಿ ಕುತೂಹಲಕರವಾಗಿದೆ. 2004ರ ಏಪ್ರಿಲ್‌ನಿಂದ ಜಾರಿಗೆ ಬಂದ ನಿಯಮದಂತೆ ಕುಲಾಂತರಿ ಮೇವಿನ ಚೀಲದ ಮೇಲೆ ಆ ಸಂಗತಿ ನಮೂದಿಸಬೇಕು. ಶೇಕಡ 0.9ರವರೆಗಿನ ಆಕಸ್ಮಿಕ ಬೆರಕೆಗೆ ಮಾತ್ರ ವಿನಾಯಿತಿ. ಆದರೆ ಆ ಮೇವು ತಿಂದ ಹಸುವಿನ ಹಾಲು, ಕೋಳಿಯ ಮೊಟ್ಟೆ, ಮಾಂಸಗಳ ಮೇಲೆ ಏನನ್ನೂ ಬರೆಯಬೇಕಾಗಿಲ್ಲ. ರೈತನಿಗೆ ತಿಳಿಯುತ್ತದೆ, ಹಾಲು ಕೊಳ್ಳುವವನಿಗೆ ತಿಳಿಯುವುದಿಲ್ಲ.

ದನಕ್ಕೆ ಸರಿ, ಜನಕ್ಕೆ ಬೇಡ

ಮೇವು ಬೇರೆ, ಆಹಾರ ಬೇರೆ ಎಂದು ಗೆರೆ ಎಳೆದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದಲ್ಲೇ ಒಂದು ಪಾಠ ಸಿಕ್ಕಿತು. 1998ರಲ್ಲಿ ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ ಸ್ಟಾರ್‌ಲಿಂಕ್ ಎಂಬ ಬಿ.ಟಿ. ಮೆಕ್ಕೆಜೋಳಕ್ಕೆ ಅನುಮತಿ ಕೊಟ್ಟಿತು. ಷರತ್ತು ಒಂದೇ: ಅದನ್ನು ದನಕ್ಕೆ ಹಾಕಬಹುದು, ಕೈಗಾರಿಕೆಗೆ ಬಳಸಬಹುದು, ಮನುಷ್ಯರು ತಿನ್ನಬಾರದು. ಅದರಲ್ಲಿದ್ದ ಪ್ರೋಟೀನು ಸುಲಭವಾಗಿ ಜೀರ್ಣವಾಗದು, ಅಲರ್ಜಿ ತರಬಹುದು ಎಂಬ ಸಂಶಯ ಇದಕ್ಕೆ ಕಾರಣ.

ಕಾಳಿಗೆ ಈ ಷರತ್ತು ಹೇಗೆ ಗೊತ್ತಾಗಬೇಕು? ಪಕ್ಕದ ಹೊಲಕ್ಕೆ ಪರಾಗ ಹಾರಿತು, ಗೋದಾಮುಗಳಲ್ಲಿ ಕಾಳು ಬೆರೆಯಿತು. 2000ದ ಸೆಪ್ಟೆಂಬರ್‌ನಲ್ಲಿ ಅಂಗಡಿಯಲ್ಲಿ ಮಾರುತ್ತಿದ್ದ ಮೆಕ್ಕೆಜೋಳದ ತಿಂಡಿಯಲ್ಲಿ ಸ್ಟಾರ್‌ಲಿಂಕ್ ಪತ್ತೆಯಾಯಿತು. ಕಂಪನಿಗಳು ನೂರಾರು ಬಗೆಯ ತಿನಿಸುಗಳನ್ನು ಹಿಂದಕ್ಕೆ ಕರೆಸಿಕೊಂಡವು. ಅಲರ್ಜಿಯಾಯಿತೆಂದು ದೂರಿದವರನ್ನು ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಪರೀಕ್ಷಿಸಿ, ಈ ಪ್ರೋಟೀನೇ ಕಾರಣವೆನ್ನಲು ಆಧಾರ ಸಿಗಲಿಲ್ಲ ಎಂದು 2001ರಲ್ಲಿ ಹೇಳಿತು. ಯಾರಿಗೂ ಹಾನಿಯಾದದ್ದು ಸಾಬೀತಾಗಲಿಲ್ಲ, ನಿಜ. ಆದರೆ ಗೋದಲಿಗೂ ತಟ್ಟೆಗೂ ನಡುವೆ ಕಾಗದದ ಮೇಲೆ ಎಳೆದ ಗೆರೆ ಕಣಜದಲ್ಲಿ ನಿಲ್ಲುವುದಿಲ್ಲ ಎಂಬುದು ಸಾಬೀತಾಯಿತು. ಇನ್ನು ಮುಂದೆ ಇಂಥ ಅರ್ಧ ಅನುಮತಿ ಕೊಡುವುದಿಲ್ಲ ಎಂದು ಆ ಸಂಸ್ಥೆ ತೀರ್ಮಾನಿಸಿತು.

ರಾಯಚೂರಿನ ಬೆಂಕಿ, ಗುಜರಾತಿನ ಬೀಜ

ಭಾರತದಲ್ಲಿ ಬಿ.ಟಿ. ಹತ್ತಿಯ ಕತೆಗೆ ಕರ್ನಾಟಕದ ನಂಟು ಆರಂಭದಿಂದಲೇ ಇದೆ. 1998ರಲ್ಲಿ ಹಲವು ರಾಜ್ಯಗಳಲ್ಲಿ ಪ್ರಾಯೋಗಿಕ ಬೇಸಾಯ ನಡೆಯುತ್ತಿದ್ದಾಗ, ನವೆಂಬರ್ ಕೊನೆಯಲ್ಲಿ ಪ್ರೊ. ಎಂ.ಡಿ. ನಂಜುಂಡಸ್ವಾಮಿ ಅವರ ನೇತೃತ್ವದ ಕರ್ನಾಟಕ ರಾಜ್ಯ ರೈತ ಸಂಘದ ಕಾರ್ಯಕರ್ತರು ರಾಯಚೂರು ಜಿಲ್ಲೆಯ ಸಿಂಧನೂರು ತಾಲ್ಲೂಕಿನಲ್ಲಿ ಇಂಥ ಹತ್ತಿಗಿಡಗಳನ್ನು ಕಿತ್ತು ಸುಟ್ಟರು. ಬೀಜದ ಒಡೆತನ, ವಿದೇಶಿ ಕಂಪನಿಯ ಹಿಡಿತ, ಪರಿಸರದ ಭಯ ಆ ಚಳವಳಿಯ ಮುಖ್ಯ ಮಾತುಗಳಾಗಿದ್ದವು. ಹಿಂಡಿಯ ಮಾತು ಅಷ್ಟಾಗಿ ಕೇಳಿಬರಲಿಲ್ಲ.

ಬೀಜ ಅನುಮತಿಗಾಗಿ ಕಾಯಲಿಲ್ಲ. 2001ರ ಅಕ್ಟೋಬರ್‌ನಲ್ಲಿ ಗುಜರಾತಿನಲ್ಲಿ ಸಾವಿರಾರು ಎಕರೆಯಲ್ಲಿ ಅನುಮತಿಯಿಲ್ಲದ ಬಿ.ಟಿ. ಹತ್ತಿ ಬೆಳೆದು ನಿಂತದ್ದು ಪತ್ತೆಯಾಯಿತು. 2002ರ ಮಾರ್ಚ್ 26ರಂದು ಕೇಂದ್ರ ಪರಿಸರ ಸಚಿವಾಲಯದ ಅನುಮೋದನಾ ಸಮಿತಿ, ಅಂದರೆ ಜಿ.ಇ.ಎ.ಸಿ., ಮೂರು ಬಿ.ಟಿ. ಹತ್ತಿ ಹೈಬ್ರಿಡ್‌ಗಳಿಗೆ ಒಪ್ಪಿಗೆ ನೀಡಿತು. ಆ ಹೊತ್ತಿಗಾಗಲೇ ಗುಜರಾತಿನ ಹತ್ತಿಯ ಬೀಜ ಯಾವ ಯಾವ ಗಿರಣಿಗೆ ಹೋಗಿತ್ತೋ, ಅದರ ಹಿಂಡಿ ಯಾವ ಯಾವ ಕೊಟ್ಟಿಗೆ ಸೇರಿತ್ತೋ, ಲೆಕ್ಕವಿಟ್ಟವರಿಲ್ಲ. ಮುಂದಿನ ಹತ್ತು ವರ್ಷಗಳಲ್ಲಿ ದೇಶದ ಹತ್ತಿ ಪ್ರದೇಶದ ಶೇಕಡ 90ಕ್ಕೂ ಹೆಚ್ಚು ಭಾಗ ಬಿ.ಟಿ.ಯಾಯಿತು. ಅಂದರೆ ಮಾರುಕಟ್ಟೆಯ ಹತ್ತಿಹಿಂಡಿಯೂ ಹೆಚ್ಚುಕಡಿಮೆ ಅಷ್ಟೇ ಪ್ರಮಾಣದಲ್ಲಿ ಬಿ.ಟಿ.ಯಾಯಿತು.

ಮೇವಿನ ಪರೀಕ್ಷೆಯೇ ಆಗಿರಲಿಲ್ಲ ಎನ್ನುವಂತಿಲ್ಲ. ಕರ್ನಾಲಿನ ರಾಷ್ಟ್ರೀಯ ಡೇರಿ ಸಂಶೋಧನಾ ಸಂಸ್ಥೆ, ಪಂತನಗರದ ಕೃಷಿ ವಿಶ್ವವಿದ್ಯಾಲಯ ಮೊದಲಾದ ಕಡೆ ಕರೆಯುವ ರಾಸುಗಳಿಗೆ ಬಿ.ಟಿ. ಹತ್ತಿಬೀಜ ತಿನ್ನಿಸಿ ನೋಡಲಾಗಿತ್ತು. ಹಾಲಿನ ಪ್ರಮಾಣದಲ್ಲಿ, ಗುಣದಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ ಎಂಬ ವರದಿ ಬಂತು. ವಿಮರ್ಶಕರು ಎತ್ತಿದ ಆಕ್ಷೇಪ ಅವಧಿಯ ಬಗೆಗೆ. ಎಮ್ಮೆ ಹತ್ತಿಕಾಳು ತಿನ್ನುವುದು ವರ್ಷಗಟ್ಟಲೆ, ಪರೀಕ್ಷೆ ನಡೆದದ್ದು ವಾರಗಳ ಲೆಕ್ಕದಲ್ಲಿ.

ವಾರಂಗಲ್ಲಿನ ಕುರಿಗಳು

ಈ ಆಕ್ಷೇಪ 2006ರಲ್ಲಿ ದೊಡ್ಡ ದನಿ ಪಡೆಯಿತು. ಆಗಿನ ಆಂಧ್ರಪ್ರದೇಶದ ವಾರಂಗಲ್ ಜಿಲ್ಲೆಯಲ್ಲಿ ಹತ್ತಿ ಬಿಡಿಸಿದ ಹೊಲಗಳಲ್ಲಿ ಮೇಯ್ದ ಕುರಿಗಳು ಸತ್ತವು ಎಂದು ಕುರಿಗಾರರು ದೂರಿದರು. ಕೊಯ್ಲು ಮುಗಿದ ಹೊಲದಲ್ಲಿ ಕುರಿ ಬಿಡುವುದು ದಖನ್ನಿನ ಹಳೆಯ ಪದ್ಧತಿ. ಹೊಲಕ್ಕೆ ಗೊಬ್ಬರ, ಕುರಿಗೆ ಮೇವು. ಬಿ.ಟಿ. ಎಲೆ ತಿಂದದ್ದೇ ಸಾವಿಗೆ ಕಾರಣವಿರಬಹುದು ಎಂದು ಅಲ್ಲಿಗೆ ಹೋಗಿ ನೋಡಿದ ಸಂಘಟನೆಗಳು ಹೇಳಿದವು. ಜಿ.ಇ.ಎ.ಸಿ. ಇದನ್ನು ಒಪ್ಪಲಿಲ್ಲ. ಸಾವಿಗೆ ಬಿ.ಟಿ. ಪ್ರೋಟೀನು ಕಾರಣವಲ್ಲ, ಗಿಡದಲ್ಲಿ ಹೆಚ್ಚಾದ ನೈಟ್ರೇಟು, ಕೀಟನಾಶಕದ ಉಳಿಕೆಯಂಥವು ಕಾರಣವಿರಬಹುದು ಎಂದಿತು.

ಬಿ.ಟಿ. ವಿಷದಿಂದ ಕುರಿಗಳು ಸತ್ತವು ಎಂಬುದು ಆನಂತರವೂ ವೈಜ್ಞಾನಿಕವಾಗಿ ಸಾಬೀತಾಗಿಲ್ಲ. ಆದರೆ ಕುರಿಗಾರನ ದೃಷ್ಟಿಯಿಂದ ನೋಡಿದರೆ ಉತ್ತರ ಅಲ್ಲಿಗೆ ಮುಗಿಯುವುದಿಲ್ಲ. ಸಾವಿಗೆ ನೈಟ್ರೇಟೇ ಕಾರಣವಾಗಲಿ, ಕೀಟನಾಶಕವೇ ಆಗಲಿ, ಹತ್ತಿಹೊಲ ಮೇವಿನ ಹೊಲವೂ ಹೌದು ಎಂಬುದನ್ನು ಆ ಹೊಲದ ನಿಯಮ ಮಾಡಿದವರು ಗಣನೆಗೆ ತೆಗೆದುಕೊಂಡಿರಲಿಲ್ಲ. ಕಡತದ ಪ್ರಕಾರ ಅದು ನಾರಿನ ಹೊಲ, ಅಷ್ಟೆ.

ಹಾಲಿನಲ್ಲಿ ಏನಿದೆ?

ಸಾಮಾನ್ಯ ಓದುಗರ ಪ್ರಶ್ನೆ ನೇರವಾದದ್ದು: ಕುಲಾಂತರಿ ಮೇವು ತಿಂದ ಹಸುವಿನ ಹಾಲು ಕುಡಿಯಬಹುದೆ?

ಸಿಕ್ಕಿರುವ ಪುರಾವೆ ಹೆದರಬೇಕಾದದ್ದಿಲ್ಲ ಎನ್ನುತ್ತದೆ. ಹಸು ತಿನ್ನುವ ಪ್ರತಿ ಹುಲ್ಲುಕಡ್ಡಿಯಲ್ಲೂ ವಂಶವಾಹಿಗಳಿವೆ. ಅವು ಹೊಟ್ಟೆಯಲ್ಲಿ ತುಂಡು ತುಂಡಾಗಿ ಒಡೆಯುತ್ತವೆ. ಸೇರಿಸಿದ ವಂಶವಾಹಿಯೂ ಇದಕ್ಕೆ ಹೊರತಲ್ಲ. 2001ರಲ್ಲಿ ಜರ್ಮನಿಯ ಸಂಶೋಧಕರು ಮೆಕ್ಕೆಜೋಳದ ಸಹಜ ವಂಶವಾಹಿಯ ಚೂರುಗಳನ್ನು ಹಸುವಿನ ರಕ್ತಕಣಗಳಲ್ಲಿ ಕಂಡರು. ಹೊರಗಿನಿಂದ ಸೇರಿಸಿದ ಬಿ.ಟಿ. ವಂಶವಾಹಿ ಮಾತ್ರ ಅಲ್ಲಿ ಸಿಗಲಿಲ್ಲ. ಬವೇರಿಯಾದಲ್ಲಿ 36 ಹಸುಗಳನ್ನು 25 ತಿಂಗಳ ಕಾಲ ಗಮನಿಸಿದ ಅಧ್ಯಯನವೊಂದು ನಡೆಯಿತು. ಅರ್ಧದಷ್ಟು ಹಸುಗಳಿಗೆ ಬಿ.ಟಿ. ಮೆಕ್ಕೆಜೋಳ, ಉಳಿದವಕ್ಕೆ ಸಾಮಾನ್ಯ ಜೋಳ. ಹಾಲಿನಲ್ಲೂ ಆರೋಗ್ಯದಲ್ಲೂ ಮೇವಿನಿಂದಾದ ವ್ಯತ್ಯಾಸ ಕಾಣಲಿಲ್ಲ. 2014ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಆಲಿಸನ್ ವ್ಯಾನ್ ಈನೆನಾಮ್ ಮತ್ತು ಸಹೋದ್ಯೋಗಿಯೊಬ್ಬರು ಅಮೆರಿಕದ 1983ರಿಂದ 2011ರವರೆಗಿನ ದಾಖಲೆಗಳನ್ನು ಪರಿಶೀಲಿಸಿದರು. ಕುಲಾಂತರಿ ಮೇವು ಬರುವ ಮುಂಚಿನ ಮತ್ತು ನಂತರದ ವರ್ಷಗಳನ್ನು ಹೋಲಿಸಿದರು. 10,000 ಕೋಟಿಗೂ ಹೆಚ್ಚು ಪ್ರಾಣಿಗಳ ಈ ಲೆಕ್ಕದಲ್ಲಿ ಆರೋಗ್ಯ ಕೆಟ್ಟ ಲಕ್ಷಣ ಕಾಣಲಿಲ್ಲ.

ಈ ಪುರಾವೆಗೆ ಒಂದು ಮಿತಿಯೂ ಇದೆ. ಅದು ಪರೀಕ್ಷೆಯಾದ ತಳಿಗಳ ಮಾತು. ನಾಳೆ ಬರುವ ಬೇರೊಂದು ವಂಶವಾಹಿಗೆ ಇಂದಿನ ಪ್ರಮಾಣಪತ್ರ ಸಲ್ಲುವುದಿಲ್ಲ. ಅಮೆರಿಕದಂತೆ ಮಂದೆಗಳ ದಾಖಲೆ ಇಟ್ಟುಕೊಳ್ಳುವ ವ್ಯವಸ್ಥೆ ಒಂದೆರಡು ಎಮ್ಮೆ ಕಟ್ಟಿದ ನಮ್ಮ ಹಳ್ಳಿಯ ಮನೆಗಳಲ್ಲಿಲ್ಲ. ಏನಾದರೂ ವ್ಯತ್ಯಾಸವಾದರೆ ಅದನ್ನು ಮೇವಿಗೆ ಜೋಡಿಸಿ ನೋಡುವವರು ಯಾರು?

ಬದನೆಗೆ ತಡೆ, ಹಿಂಡಿಗೆ ದಾರಿ

ತಟ್ಟೆಯ ವಿಷಯದಲ್ಲಿ ಭಾರತ ಬಹಳ ಎಚ್ಚರ ತೋರಿತು. ಬಿ.ಟಿ. ಬದನೆಯ ಬಗ್ಗೆ ಬೆಂಗಳೂರೂ ಸೇರಿದಂತೆ ಹಲವು ನಗರಗಳಲ್ಲಿ ಸಾರ್ವಜನಿಕ ಸಭೆಗಳು ನಡೆದವು. ಅಂದಿನ ಪರಿಸರ ಸಚಿವ ಜೈರಾಂ ರಮೇಶ್ 2010ರ ಫೆಬ್ರವರಿ 9ರಂದು ಅದಕ್ಕೆ ತಡೆ ಹಾಕಿದರು. ಕುಲಾಂತರಿ ಆಹಾರವಿರುವ ಪೊಟ್ಟಣದ ಮೇಲೆ ಅದನ್ನು ನಮೂದಿಸಬೇಕೆಂಬ ನಿಯಮ 2013ರ ಜನವರಿ 1ರಿಂದ ಬಂತು. ಆಮದಾಗುವ 24 ಬಗೆಯ ಆಹಾರ ಬೆಳೆಗಳು ಕುಲಾಂತರಿಯಲ್ಲ ಎಂಬ ಪ್ರಮಾಣಪತ್ರ ಬೇಕೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2020ರಲ್ಲಿ ಆದೇಶಿಸಿತು.

ಆದರೆ 2006ರ ಆಹಾರ ಸುರಕ್ಷತಾ ಕಾಯಿದೆಯಲ್ಲಿ ಆಹಾರ ಎಂದರೇನೆಂದು ಹೇಳುವಾಗಲೇ ಪಶು ಆಹಾರವನ್ನು ಅದರಿಂದ ಹೊರಗಿಡಲಾಗಿದೆ. ಹತ್ತಿ ನಾರಿನ ಬೆಳೆಯಾಯಿತು, ಹಿಂಡಿ ಆಹಾರವಲ್ಲ ಎಂದಾಯಿತು. ಎರಡು ಶಬ್ದಗಳ ನಡುವಿನ ಸಂದಿಯಲ್ಲಿ ಚೀಲ ಕೊಟ್ಟಿಗೆಗೆ ಬಂದು ಇಳಿಯಿತು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತೆ ಎಂಬ ಗಾದೆ ಇಲ್ಲಿ ಸಲ್ಲುತ್ತದೆ.

ಈ ಸಂದಿ ಎಷ್ಟು ಅಗಲವೆಂದು 2021ರಲ್ಲಿ ಗೊತ್ತಾಯಿತು. ಸೋಯಾ ಬೆಲೆ ಏರಿ ಕೋಳಿ ಸಾಕಣೆದಾರರು ಕಂಗಾಲಾದಾಗ, ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ 12 ಲಕ್ಷ ಟನ್ ಕುಲಾಂತರಿ ಸೋಯಾ ಹಿಂಡಿಯ ಆಮದಿಗೆ ಅವಕಾಶ ಕೊಟ್ಟಿತು. ಎಣ್ಣೆ ತೆಗೆದು ಪುಡಿಮಾಡಿದ ಹಿಂಡಿ ಮೊಳೆಯುವುದಿಲ್ಲ, ಅದರಲ್ಲಿ ಜೀವವಿಲ್ಲ, ಆದ್ದರಿಂದ ಆಕ್ಷೇಪವಿಲ್ಲ ಎಂಬುದು ಪರಿಸರ ಸಚಿವಾಲಯದ ನಿಲುವು. ಕಾಳಾಗಿ ಬಂದರೆ ತಡೆ, ಪುಡಿಯಾಗಿ ಬಂದರೆ ದಾರಿ. ಪರಿಸರದ ಮಟ್ಟಿಗೆ ಈ ವಾದ ಸರಿ. ಮೇವಿನ ಮಟ್ಟಿಗೆ ಅದು ಪ್ರಶ್ನೆಯನ್ನೇ ಮುಟ್ಟುವುದಿಲ್ಲ. ಕೋಳಿ ಸಾಕುವವರಿಗೆ ಇದರಿಂದ ಉಸಿರು ಬಂತು. ಬೀದರ್, ಬೆಳಗಾವಿ ಕಡೆಯವರೂ ಸೇರಿದಂತೆ ಸೋಯಾ ಬೆಳೆಗಾರರಿಗೆ ಬೆಲೆ ಕುಸಿಯುವ ಆತಂಕವಾಯಿತು.

ಮುಂದಿನ ಬೆಳೆಗಳೂ ಸರದಿಯಲ್ಲಿವೆ. ಜಿ.ಇ.ಎ.ಸಿ. 2022ರಲ್ಲಿ ಒಪ್ಪಿದ ಕುಲಾಂತರಿ ಸಾಸಿವೆಯ ಬಗ್ಗೆ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು 2024ರ ಜುಲೈನಲ್ಲಿ ಭಿನ್ನ ತೀರ್ಪು ಕೊಟ್ಟರು. ಸಾಸಿವೆ ಹಿಂಡಿ ಉತ್ತರ ಭಾರತದ ದನಗಳ ಮುಖ್ಯ ಮೇವು. 2025ರ ಭಾರತ–ಅಮೆರಿಕ ವ್ಯಾಪಾರ ಮಾತುಕತೆಯ ಸಂದರ್ಭದಲ್ಲಿ ಮೆಕ್ಕೆಜೋಳ, ಸೋಯಾಗಳ ಮಾತು ಮತ್ತೆ ಬಂತು. ಅಮೆರಿಕದಲ್ಲಿ ಬೆಳೆಯುವ ಇವೆರಡೂ ಶೇಕಡ 90ರಷ್ಟು ಕುಲಾಂತರಿಯೇ. ಉತ್ತರ ಕರ್ನಾಟಕದಲ್ಲಿ ಮೆಕ್ಕೆಜೋಳಕ್ಕೆ ಗೋವಿನಜೋಳ ಎಂಬ ಹೆಸರಿದೆ. ಹಾವೇರಿ, ದಾವಣಗೆರೆಯ ರೈತ ಬೆಳೆಯುವ ಈ ಕಾಳು ಬಹುಪಾಲು ಹೋಗುವುದು ಕೋಳಿ ಮತ್ತು ದನಗಳ ಆಹಾರಕ್ಕೆ. ಹೊರಗಿನ ಜೋಳ ಒಳಬಂದರೆ ಮೊದಲ ಪೆಟ್ಟು ಬೀಳುವುದು ಅವನ ಚೀಲದ ಬೆಲೆಗೆ.

ಇಷ್ಟು ವರ್ಷಗಳ ಚರಿತ್ರೆಯಿಂದ ಎರಡು ಮಾತು ಸ್ಪಷ್ಟವಾಗುತ್ತವೆ. ಈಗಿರುವ ಕುಲಾಂತರಿ ಮೇವಿನಿಂದ ಹಾಲು ಕೆಟ್ಟಿದೆ ಎನ್ನಲು ಆಧಾರವಿಲ್ಲ. ಹಾಗೆಯೇ, ಭಾರತ ಕುಲಾಂತರಿ ಆಹಾರವನ್ನು ಹೊರಗಿಟ್ಟಿದೆ ಎನ್ನಲೂ ಆಧಾರವಿಲ್ಲ. ಮುಂದೆ ಯಾವ ಹಾದಿ ಹಿಡಿದರೂ ಆರಂಭಕ್ಕೆ ದೊಡ್ಡ ವೆಚ್ಚವೇನೂ ಬೇಕಿಲ್ಲ. ಪಶು ಆಹಾರದ ಚೀಲದ ಮೇಲೆ ಪ್ರೋಟೀನು ಎಷ್ಟು, ಕೊಬ್ಬು ಎಷ್ಟು, ತೇವ ಎಷ್ಟು ಎಂದು ಅಚ್ಚು ಹಾಕುವ ಜಾಗದಲ್ಲಿ ಇನ್ನೊಂದು ಸಾಲಿಗೆ ಸ್ಥಳವಿದೆ. ಗಾಸಿಪಾಲ್ ಇರುವ ಕಾಳನ್ನು ಎಳೆಗರುವಿಗೆ ಹಾಕಬಾರದೆಂದು ಅರಿತು ಹೈನು ನಡೆಸಿದ ರೈತ ಆ ಸಾಲನ್ನೂ ಓದಿ ಅರ್ಥಮಾಡಿಕೊಳ್ಳಬಲ್ಲ.